ಗ್ರಿಂಡೆಲ್‌ವಾಲ್ಡ್‌ನಲ್ಲಿ ಒಂದು ವಾರದ ಸ್ಕೀ ರಜೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಈ ಪ್ರಶ್ನೆಗಳು ಶುರುವಾಗುತ್ತವೆ. ಬೆಂಗಳೂರು, ಮೈಸೂರಿನ ನೆಂಟರು ಫೋನ್ ಮಾಡುತ್ತಾರೆ. ಜರ್ಮನಿಗೆ, ನೆದರ್‌ಲ್ಯಾಂಡ್ಸ್‌ಗೆ ಕೆಲಸಕ್ಕೆ ಬಂದವರು ಮೆಸೇಜ್ ಹಾಕುತ್ತಾರೆ. ಆಲ್ಪ್ಸ್‌ನಲ್ಲಿ ಸ್ಕೀ ಮಾಡುವ ಊರುಗಳು ನೂರಾರು ಇವೆ. ನಾನು ಚಳಿಗಾಲದಲ್ಲಿ ಮತ್ತೆ ಮತ್ತೆ ಹೋಗುವುದು ಸ್ವಿಟ್ಜರ್‌ಲ್ಯಾಂಡಿನ ಯುಂಗ್‌ಫ್ರಾವ್ ಸೀಮೆಗೆ, ಅಂದರೆ ಗ್ರಿಂಡೆಲ್‌ವಾಲ್ಡ್, ವೆಂಗೆನ್, ಮ್ಯೂರೆನ್ ಕಡೆಗೆ. ಹಾಗಾಗಿ ಉತ್ತರಗಳೂ ಅಲ್ಲಿಯವೇ.

## ಹೊರಡುವ ಯೋಚನೆ

ಸ್ವಿಸ್ ಟೂರ್ ಹೋಗ್ತಾ ಇದ್ದೀವಿ. ಅದರಲ್ಲೇ ಒಂದು ದಿನ ಸ್ಕೀ ಮಾಡಿಬಿಡಬಹುದಲ್ವಾ?

ಮಾಡಬಹುದು. ಆದರೆ ಬೇಡ ಅಂತಲೇ ನಾನು ಹೇಳುವುದು. ಮೊದಲ ದಿನ ಅಂದರೆ ಭಾರದ ಬೂಟು, ಬೀಳುವುದು, ಏಳುವುದು, ಮತ್ತೆ ಬೀಳುವುದು. ಎರಡನೇ ದಿನ ತೊಡೆ ಹಿಡಿದುಕೊಂಡಿರುತ್ತದೆ. ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ಕಾಲು ಮಾತು ಕೇಳಲು ಶುರು ಮಾಡುತ್ತದೆ. ತಿರುಗಬೇಕು ಅಂದಾಗ ತಿರುಗುತ್ತೀರಿ, ನಿಲ್ಲಬೇಕು ಅಂದಲ್ಲಿ ನಿಲ್ಲುತ್ತೀರಿ. ನಾಲ್ಕನೇ ದಿನ ತಂತಿಯ ಮೇಲೆ ಸಾಗುವ ಲಿಫ್ಟ್‌ನಲ್ಲಿ ಬೆಟ್ಟದ ಮೇಲೆ ಹೋಗಿ, ಐಗರ್ ಬೆಟ್ಟವನ್ನು ಎದುರಿಗಿಟ್ಟುಕೊಂಡು ನಿಧಾನಕ್ಕೆ ಇಳಿಯುವಾಗ ಸಿಗುವ ಖುಷಿಯೇ ಬೇರೆ.

ಒಂದೇ ದಿನ ಮಾಡಿದವರಿಗೆ ಸಿಗುವುದು ಮೊದಲ ದಿನದ ಕಷ್ಟ ಮಾತ್ರ. "ಇದು ನಮಗಲ್ಲ ಬಿಡಿ" ಅಂದುಕೊಂಡು ವಾಪಸ್ ಬರುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಎಂಟು ದಿನಕ್ಕೆ ಆರು ಊರು ಸುತ್ತುವ ಟೂರ್ ಬೇರೆ ಋತುವಿಗೆ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಒಂದೇ ಊರು, ಒಂದೇ ಮನೆ, ಆರೇಳು ರಾತ್ರಿ ಇರಿ.

ನನಗೆ 45 ದಾಟಿದೆ. ಹಿಮ ನೋಡಿಯೇ ಗೊತ್ತಿಲ್ಲ. ಈಗ ಕಲಿಯೋಕೆ ಆಗುತ್ತಾ?

ಆಗುತ್ತದೆ. ಮಕ್ಕಳು ಬೇಗ ಕಲಿಯುತ್ತಾರೆ, ದೊಡ್ಡವರಿಗೆ ಎರಡು ದಿನ ಜಾಸ್ತಿ ಬೇಕು, ಅಷ್ಟೇ. ಆದರೆ ಗೆಳೆಯರಿಂದಲೋ ಗಂಡನಿಂದಲೋ ಕಲಿಯಲು ಹೋಗಬೇಡಿ. ಸ್ಕೀ ಶಾಲೆಗೆ ಸೇರಿ. ಅಲ್ಲಿ ಮೊದಲು ಕಲಿಸುವುದೇ ನಿಲ್ಲುವುದನ್ನು. ಎರಡು ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂಬದಿ ಅಗಲ ಮಾಡುತ್ತೀರಿ. ಮೇಲಿಂದ ನೋಡಿದರೆ ಪಿಜ್ಜಾ ತುಂಡಿನ ಆಕಾರ, ಹಾಗಾಗಿ ಮಕ್ಕಳಿಗೆ "ಪಿಜ್ಜಾ" ಅಂತಲೇ ಹೇಳಿಕೊಡುತ್ತಾರೆ. ಅದೇ ಬ್ರೇಕ್.

ಹೊರಡುವ ಆರು ವಾರ ಮುಂಚಿನಿಂದ ಕಾಲಿಗೆ ಕೆಲಸ ಕೊಡಿ. ಆಫೀಸಿನಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ ಒಂದು ನಿಮಿಷ ಇರಿ. ಸ್ಕೀ ಮಾಡುವಾಗ ನೋಯುವುದು ಇದೇ ತೊಡೆ. ಮೊಣಕಾಲಿಗೆ ಹಳೇ ಪೆಟ್ಟಿದ್ದರೆ ಮೊದಲು ಡಾಕ್ಟರ್‌ಗೆ ತೋರಿಸಿ.

ಮೊದಲು ಗುಲ್ಮಾರ್ಗ್‌ನಲ್ಲಿ ಕಲಿತು ಆಮೇಲೆ ಆಲ್ಪ್ಸ್‌ಗೆ ಹೋದರೆ ಒಳ್ಳೇದಾ?

ಸಮಯ ಇದ್ದರೆ ಬಹಳ ಒಳ್ಳೇದು. ಗುಲ್ಮಾರ್ಗ್‌ನಲ್ಲಿ ಸರ್ಕಾರಿ ಸ್ಕೀ ತರಬೇತಿ ಸಂಸ್ಥೆಯೇ ಇದೆ. ಉತ್ತರಾಖಂಡದ ಔಲಿಯಲ್ಲೂ ಕೋರ್ಸ್ ನಡೆಯುತ್ತದೆ. ಖರ್ಚು ಕಮ್ಮಿ, ವೀಸಾ ಬೇಕಿಲ್ಲ, ಊಟದ ಚಿಂತೆಯೂ ಇಲ್ಲ. ಅಲ್ಲಿ ನಿಂತು, ತಿರುಗಿ, ಬಿದ್ದು ಏಳುವುದು ಗೊತ್ತಾದರೆ ಆಲ್ಪ್ಸ್‌ನ ಮೊದಲ ಮೂರು ದಿನದ ದುಬಾರಿ ಪಾಠದ ಖರ್ಚು ಉಳಿಯುತ್ತದೆ. ವ್ಯತ್ಯಾಸ ಇರುವುದು ಹರವಿನಲ್ಲಿ. ಯುಂಗ್‌ಫ್ರಾವ್ ಸೀಮೆಯಲ್ಲಿ ಸಮ ಮಾಡಿಟ್ಟ ಇಳಿಜಾರುಗಳೇ 200 ಕಿಲೋಮೀಟರ್ ದಾಟುತ್ತವೆ. ಹೊಸಬರು ಬೆಟ್ಟದಿಂದ ಬೆಟ್ಟಕ್ಕೆ ಹೋಗುತ್ತಾ ದಿನವಿಡೀ ಸುಲಭದ ದಾರಿಗಳಲ್ಲೇ ಇರಬಹುದು.

ಯಾವ ತಿಂಗಳು ಹೋಗಬೇಕು? ಕ್ರಿಸ್‌ಮಸ್ ರಜೆಯಲ್ಲಿ ಮಾತ್ರ ನಮಗೆ ಆಗೋದು.

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಜನ ಜಾಸ್ತಿ, ಬೆಲೆ ಜಾಸ್ತಿ, ಹಗಲು ಮಾತ್ರ ಕಮ್ಮಿ. ಸಂಜೆ ಐದಕ್ಕೆ ಮುಂಚೆಯೇ ಕತ್ತಲು. ಹಿಮವೂ ಆಗಿನ್ನೂ ಗಟ್ಟಿಯಾಗಿ ಕೂತಿರುತ್ತದೆ ಅನ್ನುವ ಖಾತ್ರಿ ಇಲ್ಲ. ಬೇರೆ ದಾರಿಯೇ ಇಲ್ಲ ಅಂದರೆ ಬೇಸಿಗೆಯಲ್ಲೇ ಮನೆ ಬುಕ್ ಮಾಡಿ.

ನನ್ನನ್ನು ಕೇಳಿದರೆ ಎರಡು ಹೊತ್ತು ಒಳ್ಳೇದು. ಒಂದು, ಜನವರಿ ಎರಡನೇ ವಾರದಿಂದ ತಿಂಗಳ ಕೊನೆವರೆಗೆ. ಚಳಿ ಜೋರು, ಆದರೆ ಹಿಮ ಒಣಗಿ ಪುಡಿಪುಡಿಯಾಗಿರುತ್ತದೆ, ಲಿಫ್ಟ್ ಸಾಲು ಚಿಕ್ಕದು. ಜನವರಿ ನಡುವೆ ವೆಂಗೆನ್‌ನಲ್ಲಿ ಲೌಬರ್‌ಹಾರ್ನ್ ಸ್ಕೀ ಪಂದ್ಯ ನಡೆಯುವ ವಾರಾಂತ್ಯ ಮಾತ್ರ ಊರು ತುಂಬಿರುತ್ತದೆ. ಇನ್ನೊಂದು, ಮಾರ್ಚ್‌ನ ಮೊದಲ ಮೂರು ವಾರ. ಬಿಸಿಲಿರುತ್ತದೆ, ಹಗಲು ಉದ್ದ, ಮೊದಲ ಸಲ ಹಿಮ ನೋಡುವವರಿಗೆ ಚಳಿಯೂ ಹೆದರಿಸುವುದಿಲ್ಲ. ಮಧ್ಯಾಹ್ನದ ಮೇಲೆ ಹಿಮ ಮೆತ್ತಗಾಗಿ ಕಾಲು ಎಳೆಯುತ್ತದೆ. ಆದ್ದರಿಂದ ಮಾರ್ಚ್‌ನಲ್ಲಿ ಬೆಳಿಗ್ಗೆ ಬೇಗ ಹೊರಡಿ, ಎರಡು ಗಂಟೆಗೆ ಮುಗಿಸಿ.

ಫೆಬ್ರವರಿಯಲ್ಲಿ ಅಲ್ಲಿನ ಶಾಲೆಗಳಿಗೆ ರಜೆ. ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ವಾರ. ಹಿಮ ಚೆನ್ನಾಗಿರುತ್ತದೆ, ಜನವೂ ಅಷ್ಟೇ ಇರುತ್ತಾರೆ.

ಗ್ರಿಂಡೆಲ್‌ವಾಲ್ಡ್, ವೆಂಗೆನ್, ಮ್ಯೂರೆನ್. ಮೂರರಲ್ಲಿ ಎಲ್ಲಿ ಉಳಿಯೋದು?

ಗ್ರಿಂಡೆಲ್‌ವಾಲ್ಡ್ (1,034 ಮೀಟರ್) ದೊಡ್ಡ ಊರು. ಅಂಗಡಿ, ಹೋಟೆಲ್, ಬಸ್ ಎಲ್ಲ ಇದೆ. ಕಾರು ಬರುತ್ತದೆ. ಒಂದು ಕಡೆ ಫಿರ್ಸ್ಟ್ ಬೆಟ್ಟ, ಇನ್ನೊಂದು ಕಡೆ ಕ್ಲೈನೆ ಶೈಡೆಗ್ ಮತ್ತು ಮೆನ್ಲಿಶೆನ್. 2020ರ ಡಿಸೆಂಬರ್‌ನಲ್ಲಿ ಶುರುವಾದ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರ್ ಊರಿನಿಂದ 15 ನಿಮಿಷದಲ್ಲಿ 2,320 ಮೀಟರ್ ಎತ್ತರದ ಐಗರ್‌ಗ್ಲೆಚರ್‌ಗೆ ಮುಟ್ಟಿಸುತ್ತದೆ. ಹೊಸಬರ ಅಂಗಳ ಊರಿನ ಮೇಲಿನ ಬೋಡ್ಮಿಯಲ್ಲಿದೆ.

ವೆಂಗೆನ್ (1,274 ಮೀಟರ್) ಕಾರಿಲ್ಲದ ಊರು. ಲೌಟರ್‌ಬ್ರುನೆನ್‌ನಿಂದ ಹಲ್ಲುಹಳಿ ರೈಲಿನಲ್ಲೇ ಹೋಗಬೇಕು. ಮಕ್ಕಳು ಕಲಿಯುವ ಜಾಗ ಊರಿನ ನಡುವೆಯೇ ಇದೆ. ಬಾಲ್ಕನಿಯಲ್ಲಿ ನಿಂತು ನೋಡಿದರೆ ಮಗು ಹಿಮದಲ್ಲಿ ಬೀಳುವುದೂ ಏಳುವುದೂ ಕಾಣುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರಿಗೆ ನಾನು ಹೇಳುವುದು ವೆಂಗೆನ್.

ಮ್ಯೂರೆನ್ ಇನ್ನೂ ಮೇಲೆ, ಸುಮಾರು 1,640 ಮೀಟರ್‌ನಲ್ಲಿ. ಅಲ್ಲೂ ಕಾರಿಲ್ಲ. ಊರು ಚೆಂದ, ಆದರೆ ಇಳಿಜಾರುಗಳು ಕಡಿದು. ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

## ಕಾಗದ, ದುಡ್ಡು, ದಾರಿ

ವೀಸಾ, ಇನ್ಶೂರೆನ್ಸ್ ಹೇಗೆ? ವೀಸಾಗೆ ಮಾಡಿಸಿದ ಇನ್ಶೂರೆನ್ಸ್ ಸಾಕಾ?

ಸ್ವಿಟ್ಜರ್‌ಲ್ಯಾಂಡ್ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಆದರೆ ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳ ಕೂಟದ ಒಳಗಿದೆ. ಷೆಂಗೆನ್ ವೀಸಾಗೆ ಬೆಂಗಳೂರಿನಿಂದಲೇ ಅರ್ಜಿ ಹಾಕಬಹುದು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹಾಕಲು ಬಿಡುತ್ತಾರೆ, ಕೊನೆಯ ಗಡುವು 15 ದಿನ ಮುಂಚೆ. ಕೊನೆಯವರೆಗೆ ಕಾಯಬೇಡಿ, ಡಿಸೆಂಬರ್‌ಗೆ ಹೋಗುವವರು ಸೆಪ್ಟೆಂಬರ್‌ನಲ್ಲೇ ಮುಗಿಸಿಕೊಳ್ಳಿ.

ಇನ್ಶೂರೆನ್ಸ್ ವಿಷಯ ದಯವಿಟ್ಟು ಗಮನ ಇಟ್ಟು ಓದಿ. ವೀಸಾಗೆ ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಇರುವ ಪಾಲಿಸಿ ಬೇಕು. ಆ ಪಾಲಿಸಿ ಸ್ಕೀಯಿಂಗ್‌ನಲ್ಲಿ ಆದ ಪೆಟ್ಟಿಗೆ ದುಡ್ಡು ಕೊಡುತ್ತದೆ ಅಂತ ಅರ್ಥವಲ್ಲ. ಎಷ್ಟೋ ಪಾಲಿಸಿಗಳಲ್ಲಿ ಚಳಿಗಾಲದ ಆಟಗಳು ಹೊರಗೆ. ಬೆಟ್ಟದಿಂದ ಕೆಳಗೆ ತರುವ ಖರ್ಚು, ಹೆಲಿಕಾಪ್ಟರ್ ಖರ್ಚು, ಬೇರೆಯವರಿಗೆ ನಿಮ್ಮಿಂದ ಪೆಟ್ಟಾದರೆ ಕೊಡಬೇಕಾದ ದುಡ್ಡು, ಈ ಮೂರೂ ಸೇರಿವೆಯಾ ಅಂತ ಕಂಪನಿಯನ್ನು ಬರಹದಲ್ಲೇ ಕೇಳಿ. ಫೋನ್‌ನಲ್ಲಿ "ಹೌದು ಸರ್, ಎಲ್ಲಾ ಕವರ್ ಆಗುತ್ತೆ" ಅಂದರೆ ನಂಬಿ ಕೂರಬೇಡಿ.

ಒಟ್ಟು ಖರ್ಚು ಜಾಸ್ತೀನೇ ಅಂತ ಗೊತ್ತು. ಎಲ್ಲಿ ಉಳಿಸಬಹುದು?

ಜಾಸ್ತಿಯೇ. ದೊಡ್ಡವರ ಒಂದು ದಿನದ ಸ್ಕೀ ಪಾಸ್‌ಗೇ, ಅಂದರೆ ಲಿಫ್ಟ್‌ಗಳ ಟಿಕೆಟ್‌ಗೇ, 70 ಫ್ರಾಂಕ್ ದಾಟುತ್ತದೆ. ಅದರ ಮೇಲೆ ಸ್ಕೀ ಬಾಡಿಗೆ, ಪಾಠ, ಮನೆ, ಊಟ.

ಹೊಸಬರು ಮಾಡುವ ದೊಡ್ಡ ತಪ್ಪು ಮೊದಲ ದಿನದಿಂದಲೇ ಇಡೀ ಸೀಮೆಯ ಪಾಸ್ ಕೊಳ್ಳುವುದು. ಮೊದಲ ಎರಡು ದಿನ ನೀವು ಕಲಿಯುವ ಅಂಗಳ ಬಿಟ್ಟು ಹೋಗುವುದಿಲ್ಲ. ಅಲ್ಲಿಗೆ ಬೇಕಾದಷ್ಟೇ ಟಿಕೆಟ್ ಯಾವುದು ಅಂತ ಸ್ಕೀ ಶಾಲೆಯವರನ್ನು ಕೇಳಿ. ದೊಡ್ಡ ಪಾಸ್ ಮೂರನೇ ದಿನದಿಂದ ಸಾಕು. ಆ ಪಾಸ್‌ನಲ್ಲಿ ಗ್ರಿಂಡೆಲ್‌ವಾಲ್ಡ್, ಕ್ಲೈನೆ ಶೈಡೆಗ್, ವೆಂಗೆನ್ ನಡುವಿನ ಬೆಟ್ಟದ ರೈಲೂ ಸೇರಿರುತ್ತದೆ. ಸುಸ್ತಾದವರು ಸ್ಕೀ ಹಿಡಿದು ರೈಲು ಹತ್ತಿ ಇಳಿದು ಬರಬಹುದು.

ದೇಶದ ರೈಲು, ಬಸ್ಸುಗಳಲ್ಲಿ ಓಡಾಡುವ ಸ್ವಿಸ್ ಟ್ರಾವೆಲ್ ಪಾಸ್ ದಿನದ ಲೆಕ್ಕದಲ್ಲಿ ಮಾರುತ್ತಾರೆ. ನೀವು ಸ್ಕೀ ಮಾಡುವ ದಿನ ಅದು ಸುಮ್ನೆ ಜೇಬಲ್ಲಿರುತ್ತದೆ. ಒಂದೇ ಊರಿನಲ್ಲಿ ಇರುವವರಿಗೆ ಒಂದು ತಿಂಗಳು ನಡೆಯುವ ಹಾಫ್ ಫೇರ್ ಕಾರ್ಡ್ ಅಥವಾ ಮುಂಚೆಯೇ ಕೊಂಡ ರಿಯಾಯಿತಿ ಟಿಕೆಟ್ ಲಾಭ.

ಹೋಟೆಲ್ ಬದಲು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಇವು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ ಬಾಡಿಗೆಗೆ ಸಿಗುತ್ತವೆ. ವಿಮಾನದ ಟಿಕೆಟ್ ಅದಕ್ಕೆ ಹೊಂದಿಸಿ. ಪಾಠಕ್ಕೆ ಮಾತ್ರ ಜಿಪುಣತನ ಬೇಡ.

ಜ್ಯೂರಿಕ್‌ನಲ್ಲಿ ಇಳಿದ ಮೇಲೆ ಸಾಮಾನು, ಮಕ್ಕಳು ಸಮೇತ ಹೋಗೋದು ಹೇಗೆ?

ರೈಲಿನಲ್ಲಿ. ಏರ್‌ಪೋರ್ಟ್ ಕೆಳಗೇ ಸ್ಟೇಷನ್ ಇದೆ. ಬೆರ್ನ್ ಮೇಲಿಂದ ಇಂಟರ್‌ಲಾಕೆನ್ ಓಸ್ಟ್‌ಗೆ ಎರಡು ಗಂಟೆ ಚಿಲ್ಲರೆ, ಅಲ್ಲಿಂದ ಗ್ರಿಂಡೆಲ್‌ವಾಲ್ಡ್‌ಗೆ ಇನ್ನೊಂದು ಅರ್ಧ ಗಂಟೆ ಮೇಲೆ. ಒಂದು ಎಚ್ಚರಿಕೆ: ಇಂಟರ್‌ಲಾಕೆನ್‌ನಿಂದ ಹೊರಡುವ ರೈಲು ದಾರಿಯಲ್ಲಿ ಎರಡಾಗಿ ಬೇರೆಯಾಗುತ್ತದೆ. ಒಂದು ಭಾಗ ಗ್ರಿಂಡೆಲ್‌ವಾಲ್ಡ್‌ಗೆ, ಇನ್ನೊಂದು ಲೌಟರ್‌ಬ್ರುನೆನ್‌ಗೆ. ಹತ್ತುವ ಮುಂಚೆ ಬೋಗಿಯ ಬೋರ್ಡ್ ನೋಡಿ. ಅಪ್ಪ ಒಂದು ಕಡೆ, ಅಮ್ಮ ಮಕ್ಕಳು ಇನ್ನೊಂದು ಕಡೆ ಹೋದದ್ದನ್ನು ನಾನೇ ನೋಡಿದ್ದೇನೆ.

## ಬಟ್ಟೆ, ಬೂಟು, ಊಟ

ಚಳಿಗೆ ಏನೇನು ಕೊಳ್ಳಬೇಕು? ಬೆಂಗಳೂರಲ್ಲೇ ಸಿಗುತ್ತಾ?

ದಪ್ಪ ಸ್ವೆಟರ್ ಒಂದರ ಮೇಲೊಂದು ಹಾಕಿದರೆ ಆಗುವುದಿಲ್ಲ. ಸ್ಕೀ ಮಾಡುವಾಗ ಚೆನ್ನಾಗಿ ಬೆವರುತ್ತೀರಿ. ಹತ್ತಿ ಬಟ್ಟೆ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ, ಲಿಫ್ಟ್‌ನಲ್ಲಿ ಕೂತಾಗ ಮೈ ಕೊರೆಯುತ್ತದೆ. ಆದ್ದರಿಂದ ಮೈಗೆ ತಾಗುವ ಬಟ್ಟೆ ಉಣ್ಣೆಯದೋ ಸಿಂಥೆಟಿಕ್‌ದೋ ಇರಲಿ, ಮೇಲೆ ಫ್ಲೀಸ್, ಅದರ ಮೇಲೆ ನೀರು ಒಳಗೆ ಬಿಡದ ಜಾಕೆಟ್ ಮತ್ತು ಪ್ಯಾಂಟ್. ಜೀನ್ಸ್ ಬೇಡವೇ ಬೇಡ. ನೀರು ಒಳಗೆ ಬಿಡದ ಗ್ಲೌಸ್, ಗಾಗಲ್ಸ್, ಮೊಣಕಾಲುದ್ದದ ಸ್ಕೀ ಸಾಕ್ಸ್ ಎರಡು ಜೊತೆ. ಬೆಂಗಳೂರಿನ ದೊಡ್ಡ ಕ್ರೀಡಾ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಸ್ಕೀ, ಬೂಟು, ಕೋಲು, ಹೆಲ್ಮೆಟ್ ಮಾತ್ರ ಅಲ್ಲೇ ಬಾಡಿಗೆಗೆ ತಗೊಳ್ಳಿ.

ಸನ್‌ಸ್ಕ್ರೀನ್ ಮರೆಯಬೇಡಿ. ಚಳಿಯಲ್ಲಿ ಯಾಕೆ ಅಂತ ಕೇಳುತ್ತಾರೆ. ಎತ್ತರ ಒಂದು ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣ ಶೇಕಡಾ 10ರಷ್ಟು ಹೆಚ್ಚುತ್ತದೆ. ಹೊಸ ಹಿಮ ಅದರಲ್ಲಿ ಶೇಕಡಾ 80ರವರೆಗೂ ವಾಪಸ್ ಮುಖಕ್ಕೇ ಎರಚುತ್ತದೆ. ಗದ್ದದ ಕೆಳಗೆ, ಮೂಗಿನ ಅಡಿಗೂ ಹಚ್ಚಿಕೊಳ್ಳಿ.

ಬಾಡಿಗೆ ಬೂಟು ತುಂಬಾ ಬಿಗಿ ಅನ್ನಿಸುತ್ತೆ. ಒಂದು ಸೈಜ್ ದೊಡ್ಡದು ತಗೊಳ್ಳಲಾ?

ಬೇಡ. ನನ್ನ ಮೊದಲ ವರ್ಷ ಅಂಗಡಿಯಲ್ಲಿ ಆತುರದಲ್ಲಿ ದೊಡ್ಡ ಬೂಟು ಕೊಟ್ಟುಬಿಟ್ಟರು. ಹಾಯಾಗಿದೆ ಅಂತ ನಾನೂ ಸುಮ್ಮನಿದ್ದೆ. ಕಾಲು ಒಳಗೆ ಜಾರಿದರೆ ಸ್ಕೀ ತಿರುಗುವುದಿಲ್ಲ. ಎರಡು ದಿನ ನನ್ನಿಂದ ಆಗುವುದೇ ಇಲ್ಲ ಅಂದುಕೊಂಡೆ. ಮೂರನೇ ದಿನ ಬೂಟು ಬದಲಿಸಿದ ಮೇಲೆ ಎಲ್ಲ ಸರಿಹೋಯಿತು.

ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು. ಮೊಣಕಾಲು ಮುಂದಕ್ಕೆ ಬಾಗಿಸಿದಾಗ ಬೆರಳು ಸ್ವಲ್ಪ ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳಬಾರದು. ಸಾಕ್ಸ್ ಒಂದೇ, ತೆಳ್ಳಗಿನದು. ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ನೋವಾದರೆ ಅಂಗಡಿಗೆ ವಾಪಸ್ ಹೋಗಿ, ಬದಲಿಸಿಕೊಡುತ್ತಾರೆ.

ತೂಕ, ಎತ್ತರ, ವಯಸ್ಸು ಕೇಳುತ್ತಾರೆ. ನಿಜವನ್ನೇ ಹೇಳಿ. ಬಿದ್ದಾಗ ಬೂಟಿನಿಂದ ಸ್ಕೀ ಯಾವಾಗ ಕಳಚಿಕೊಳ್ಳಬೇಕು ಅನ್ನುವುದನ್ನು ಅದರ ಮೇಲೆ ಹೊಂದಿಸುತ್ತಾರೆ. ಸುಳ್ಳು ತೂಕ ಹೇಳಿದರೆ ಮೊಣಕಾಲಿಗೆ ಅಪಾಯ.

ನಾವು ಶುದ್ಧ ಸಸ್ಯಾಹಾರಿಗಳು. ಒಂದು ವಾರ ಏನು ತಿನ್ನೋದು? ಮನೆಯಿಂದ ಏನು ತಗೊಂಡು ಹೋಗಬಹುದು?

ಬೆಟ್ಟದ ಮೇಲಿನ ಹೋಟೆಲುಗಳಲ್ಲಿ ಆಲೂಗಡ್ಡೆ ತುರಿದು ಕೆಂಪಗೆ ಹುರಿದ ರೋಸ್ಟಿ, ಬ್ರೆಡ್ ಮೇಲೆ ಚೀಸ್ ಕರಗಿಸಿದ ಕೇಸ್‌ಶ್ನಿಟ್ಟೆ, ಕರಗಿಸಿದ ಚೀಸಿನದೇ ಆದ ರಾಕ್ಲೆಟ್, ಫಾಂಡ್ಯೂ ಸಿಗುತ್ತವೆ. ಆರ್ಡರ್ ಮಾಡುವಾಗ "ಓನೆ ಸ್ಪೆಕ್" ಅನ್ನಿ. ಹಂದಿಮಾಂಸದ ಚೂರು ಬೇಡ ಅಂತ. ರೋಸ್ಟಿ ಮತ್ತು ಮ್ಯಾಕರೋನಿಯಲ್ಲಿ ಅದು ಹೇಳದೆಯೂ ಬಂದಿರುತ್ತದೆ. ಸೂಪ್ ಹೆಚ್ಚಾಗಿ ಮಾಂಸದ ಸಾರಿನಲ್ಲಿ ಮಾಡಿರುತ್ತಾರೆ, ಕೇಳದೆ ತಗೊಳ್ಳಬೇಡಿ. ಫಾಂಡ್ಯೂನಲ್ಲಿ ವೈನ್ ಇರುತ್ತದೆ. ಗ್ರುಯೇರ್‌ನಂಥ ಹಳೇ ಬಗೆಯ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕುತ್ತಾರೆ. ಕಟ್ಟುನಿಟ್ಟಿನವರಿಗೆ ಇದು ಗೊತ್ತಿರಲಿ ಅಂತ ಹೇಳುತ್ತಿದ್ದೇನೆ.

ಮನೆಯಿಂದ ಚಟ್ನಿಪುಡಿ, ಸಾರಿನಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಒಯ್ಯಬಹುದು. ತುಪ್ಪ, ಪೇಡ, ಮೈಸೂರ್‌ಪಾಕು ಬೇಡ. ಭಾರತದಂಥ ದೇಶಗಳಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವು, ತರಕಾರಿಯೂ ಅಷ್ಟೇ. ಅಕ್ಕಿ, ಮೊಸರು, ತರಕಾರಿ ಅಲ್ಲಿನ ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಕೊಳ್ಳಬೇಡಿ. ಇಡೀ ದಿನ ಹಿಮದಲ್ಲಿ ಕಳೆದು ಬಂದು ಬಿಸಿ ಅನ್ನ ಸಾರು ಕಲಸಿ ತಿನ್ನುವ ಸುಖಕ್ಕೆ ಯಾವ ಹೋಟೆಲ್ ಊಟವೂ ಸಾಟಿಯಲ್ಲ.

## ಇಳಿಜಾರಿನ ಮೇಲೆ

ನೀಲಿ, ಕೆಂಪು, ಕಪ್ಪು ಅಂದ್ರೆ ಏನು? ಯಾರಿಗೆ ಯಾರು ದಾರಿ ಬಿಡಬೇಕು?

ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಫ್ರಾನ್ಸ್‌ನಲ್ಲಿರುವ ಹಾಗೆ ಹಸಿರು ಇಲ್ಲಿಲ್ಲ. ಮೆನ್ಲಿಶೆನ್ ಮೇಲಿನ ಅಗಲವಾದ ನೀಲಿ ದಾರಿಗಳು ನಾಲ್ಕನೇ ದಿನಕ್ಕೆ ಹೇಳಿ ಮಾಡಿಸಿದಂತಿವೆ.

ನಿಯಮ ನಮ್ಮ ರಸ್ತೆಯದಕ್ಕಿಂತ ಸರಳ. ಕೆಳಗಿರುವವರಿಗೆ ಮೊದಲ ಹಕ್ಕು. ಮೇಲಿಂದ ಬರುವವರೇ ನೋಡಿಕೊಂಡು ಬರಬೇಕು, ಹಾರ್ನ್ ಹೊಡೆದು ಜಾಗ ಮಾಡಿಸಿಕೊಳ್ಳುವ ಮಾತೇ ಇಲ್ಲ. ನಿಲ್ಲುವುದಾದರೆ ಅಂಚಿನಲ್ಲಿ ನಿಲ್ಲಿ. ತಿರುವಿನ ಮರೆಯಲ್ಲಿ, ದಾರಿಯ ನಡುವೆ ಫೋಟೋಗೆ ನಿಲ್ಲಬೇಡಿ. ಮತ್ತೆ ಹೊರಡುವಾಗ ಮೇಲೆ ನೋಡಿ. ಸಂಜೆ ಕೊನೆಯ ಲಿಫ್ಟ್ ಹೊತ್ತು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ದಾರಿ ಮುಚ್ಚಿದ ಮೇಲೆ ಹಿಮ ಸಮ ಮಾಡುವ ದೊಡ್ಡ ಯಂತ್ರಗಳು ಇಳಿಯುತ್ತವೆ. ಆಗ ಅಲ್ಲಿರುವುದು ಜೀವಕ್ಕೇ ಅಪಾಯ.

ಅಪ್ಪ ಅಮ್ಮನೂ ಬರ್ತಾರೆ, ಅವರು ಸ್ಕೀ ಮಾಡಲ್ಲ. ಅವರಿಗೆ ಬೇಜಾರಾಗಲ್ವಾ?

ಆಗುವುದಿಲ್ಲ. ಈ ಸೀಮೆ ನನಗೆ ಇಷ್ಟವಾಗಲು ಅದೂ ಒಂದು ಕಾರಣ. ರೈಲು, ಕೇಬಲ್ ಕಾರಿನಲ್ಲೇ ಹಿಮದ ನಡುವೆ ಹೋಗಿ, ಬಿಸಿಲಿನಲ್ಲಿ ಕೂತು, ಮಕ್ಕಳ ಜೊತೆ ಮಧ್ಯಾಹ್ನದ ಊಟ ಮಾಡಿ ಬರಬಹುದು. ನಡೆಯುವವರಿಗೆ ಹಿಮ ಒತ್ತಿ ಸಮ ಮಾಡಿದ ಕಾಲುದಾರಿಗಳಿವೆ. ಮೆನ್ಲಿಶೆನ್‌ನಿಂದ ಕ್ಲೈನೆ ಶೈಡೆಗ್‌ಗೆ ಸುಮಾರು ಒಂದೂವರೆ ಗಂಟೆಯ ದಾರಿ, ಹೆಚ್ಚು ಏರಿಲ್ಲ, ಐಗರ್, ಮ್ಯೋಂಖ್, ಯುಂಗ್‌ಫ್ರಾವ್ ಮೂರೂ ಎದುರಿಗೆ. ಹಿಡಿತ ಇರುವ ಶೂ ಹಾಕಿಸಿ.

1912ರಲ್ಲಿ ಶುರುವಾದ ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಸ್ಕೀ ಪಾಸ್‌ನಲ್ಲಿ ಅದು ಸೇರಿಲ್ಲ, ಬೇರೆ ಟಿಕೆಟ್ ಬೇಕು. ಸ್ಕೀ ಮಾಡುವ ಕ್ಲೈನೆ ಶೈಡೆಗ್ 2,061 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಎತ್ತರ ಅಷ್ಟೇ, ಉಸಿರಾಟಕ್ಕೆ ತೊಂದರೆ ಇಲ್ಲ. ಯೋಖ್‌ನಲ್ಲಿ ಮಾತ್ರ ತಲೆನೋವು, ಸುಸ್ತು ಬರಬಹುದು. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿ ಹೋಗಲಿ.

ಸ್ಕೀ ಬೇಡ, ಆದರೂ ಜಾರಬೇಕು ಅನ್ನುವವರಿಗೆ ಸ್ಲೆಡ್ ಇದೆ. ಕೂತು ಜಾರುವ ಮರದ ಬಂಡಿ. ಗ್ರಿಂಡೆಲ್‌ವಾಲ್ಡ್‌ನವರದೇ ಆದ ವೇಲೋಗೆಮೆಲ್ ಅನ್ನುವ ಮರದ ಹಿಮ ಸೈಕಲ್ ಕೂಡ ಇದೆ. 1911ರಲ್ಲಿ ಅಲ್ಲಿನವರೊಬ್ಬರು ಮಾಡಿದ್ದು. ಫಾಲ್‌ಹಾರ್ನ್ ತುದಿಯಿಂದ ಇಳಿಯುವ ಸ್ಲೆಡ್ ದಾರಿ 15 ಕಿಲೋಮೀಟರ್ ಉದ್ದ. ಆದರೆ ಅದಕ್ಕೆ ಫಿರ್ಸ್ಟ್‌ನಿಂದ ಬಂಡಿ ಎಳೆದುಕೊಂಡು ಎರಡೂವರೆ ಗಂಟೆ ಹತ್ತಬೇಕು.

ಹೋದಾಗ ಹಿಮವೇ ಇಲ್ಲದಿದ್ರೆ? ಗಾಳಿಗೆ ಲಿಫ್ಟ್ ನಿಂತ್ರೆ?

ಎರಡೂ ಆಗುತ್ತವೆ. ಗ್ರಿಂಡೆಲ್‌ವಾಲ್ಡ್ ಆಲ್ಪ್ಸ್ ಲೆಕ್ಕಕ್ಕೆ ತಗ್ಗಿನ ಊರು. ಹಿಮ ಕಮ್ಮಿಯಾದ ವರ್ಷ ಊರಿನ ಸುತ್ತ ಹುಲ್ಲು ಕಾಣುತ್ತದೆ, ಕೆಳಗಿನ ದಾರಿಗಳು ಮುಚ್ಚುತ್ತವೆ. ಮೇಲಿನ ದಾರಿಗಳು ಯಂತ್ರದ ಹಿಮದಿಂದ ನಡೆಯುತ್ತವೆ. ಇಳಿಯುವಾಗ ಕೇಬಲ್ ಕಾರ್ ಹತ್ತಬೇಕು, ಅಷ್ಟೇ. ಫ್ಯೋನ್ ಅನ್ನುವ ಬೆಚ್ಚಗಿನ ಗಾಳಿ ತೆಂಕಣದಿಂದ ಬೆಟ್ಟ ದಾಟಿ ನುಗ್ಗಿದರೆ ಲಿಫ್ಟ್‌ಗಳು ನಿಲ್ಲುತ್ತವೆ. ಒಂದು ವಾರ ಇರುವವರಿಗೆ ಒಂದು ದಿನ ಹೋದರೆ ಹೋಯಿತು, ಲೌಟರ್‌ಬ್ರುನೆನ್ ಕಣಿವೆಯಲ್ಲಿ ನಡೆದಾಡಿ 297 ಮೀಟರ್ ಎತ್ತರದ ಸ್ಟೌಬ್‌ಬಾಖ್ ಜಲಪಾತ ನೋಡಿ ಬನ್ನಿ.

## ಸ್ವಲ್ಪ ಅನುಭವ ಆದವರಿಗೆ

ಯಾರಾದ್ರೂ ಬಿದ್ದು ಪೆಟ್ಟಾದ್ರೆ ಏನು ಮಾಡೋದು?

ಮೊದಲು ಆ ಜಾಗಕ್ಕಿಂತ ಸ್ವಲ್ಪ ಮೇಲೆ ಎರಡು ಸ್ಕೀಗಳನ್ನು ಅಡ್ಡಡ್ಡ, ಶಿಲುಬೆಯಂತೆ ಹಿಮದಲ್ಲಿ ನೆಡಿ. ಮೇಲಿಂದ ಬರುವವರಿಗೆ ಅದು ಸೂಚನೆ. ಬಿದ್ದವರನ್ನು ಎಳೆದಾಡಬೇಡಿ, ಜಾಕೆಟ್ ಹೊದಿಸಿ. ಆಮೇಲೆ ಪಿಸ್ಟ್ (ಸ್ಕೀ ದಾರಿ) ರಕ್ಷಣೆಯವರಿಗೆ ಫೋನ್ ಮಾಡಿ. ಅವರ ನಂಬರ್ ದಾರಿಗಳ ನಕ್ಷೆಯಲ್ಲಿರುತ್ತದೆ, ಮೊದಲ ದಿನವೇ ಫೋನ್‌ಗೆ ಹಾಕಿಕೊಳ್ಳಿ. ಆಂಬ್ಯುಲೆನ್ಸ್‌ಗೆ 144, ಹೆಲಿಕಾಪ್ಟರ್ ರಕ್ಷಣೆಯ ರೆಗಾ ಸಂಸ್ಥೆಗೆ 1414, ಯಾವುದೂ ನೆನಪಾಗದಿದ್ದರೆ 112. ಪಕ್ಕದ ಕಂಬದಲ್ಲಿ ದಾರಿಯ ನಂಬರ್ ಇರುತ್ತದೆ. ಅದನ್ನು ಹೇಳಿದರೆ ಬೇಗ ಬರುತ್ತಾರೆ. ಅಪಘಾತ ನೋಡಿದವರು ನಿಂತು ಸಹಾಯ ಮಾಡಬೇಕು, ಹೆಸರು ವಿಳಾಸ ಕೊಡಬೇಕು ಅನ್ನುವುದು ಅಲ್ಲಿನ ನಿಯಮ.

ದಾರಿ ಬಿಟ್ಟು ಪಕ್ಕದ ಹೊಸ ಹಿಮದಲ್ಲಿ ಹೋಗಬಹುದಾ? ಬೇರೆಯವರ ಗುರುತು ಇತ್ತಲ್ಲ?

ಗೈಡ್ ಇಲ್ಲದೆ ಬೇಡ. ದಾರಿಯ ಅಂಚಿನ ಕಂಬಗಳ ಆಚೆ ಯಾರೂ ಹಿಮಕುಸಿತದ ಜವಾಬ್ದಾರಿ ಹೊರುವುದಿಲ್ಲ. ಬೇರೆಯವರ ಗುರುತು ಇದೆ ಅಂದರೆ ಅವರು ಹೋದರು ಅಂತ ಅಷ್ಟೇ ಅರ್ಥ, ಹಿಮ ಗಟ್ಟಿಯಿದೆ ಅಂತಲ್ಲ. ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ದಿನಾ ಬುಲೆಟಿನ್ ಕೊಡುತ್ತದೆ, ಅಪಾಯ 1ರಿಂದ 5ರವರೆಗೆ. 3 ಅಂದರೆ ನಡುವಿನದು, ಪರವಾಗಿಲ್ಲ ಅಂದುಕೊಳ್ಳಬೇಡಿ. ಜೀವ ಹೋಗುವ ಎಷ್ಟೋ ಅಪಘಾತ ಆಗುವುದು 3 ಇರುವ ದಿನವೇ. ಹಿಮದಡಿ ಇರುವವರನ್ನು ಹುಡುಕುವ ಸಿಗ್ನಲ್ ಯಂತ್ರ, ಸಲಿಕೆ, ಚುಚ್ಚಿ ನೋಡುವ ಉದ್ದ ಕಡ್ಡಿ ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು, ಬಳಸಲೂ ಬರಬೇಕು. ಹಿಮದಡಿ ಸಿಕ್ಕವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆಯಬೇಕು. ಅಷ್ಟರಲ್ಲಿ ಹೊರಗಿನ ಸಹಾಯ ಬರುವುದಿಲ್ಲ, ಜೊತೆಗಿದ್ದವರೇ ತೋಡಬೇಕು.

ಮೂರನೇ ಸಲ ಹೋಗ್ತಾ ಇದ್ದೀನಿ. ಲೌಬರ್‌ಹಾರ್ನ್ ಪಂದ್ಯದ ದಾರಿಯಲ್ಲಿ ನಾನೂ ಇಳಿಯಬಹುದಾ?

ಪಂದ್ಯ ಮತ್ತು ಅದರ ತಯಾರಿಯ ದಿನ ಬಿಟ್ಟು ಇಳಿಯಬಹುದು. ಕೆಂಪು ದಾರಿಯಲ್ಲಿ ಧೈರ್ಯವಾಗಿ ತಿರುಗಿ ನಿಲ್ಲಲು ಬಂದರೆ ಖಂಡಿತ ಹೋಗಿ. ಈ ಪಂದ್ಯ 1930ರಿಂದ ನಡೆಯುತ್ತಿದೆ. ದಾರಿ ಸುಮಾರು 4.5 ಕಿಲೋಮೀಟರ್, ವಿಶ್ವಕಪ್‌ನ ಡೌನ್‌ಹಿಲ್ (ವೇಗವಾಗಿ ಇಳಿಯುವ) ಪಂದ್ಯಗಳಲ್ಲೇ ಉದ್ದದ್ದು. 1997ರಲ್ಲಿ ಇಟಲಿಯ ಕ್ರಿಸ್ಟಿಯಾನ್ ಗೆಡಿನಾ ಇದನ್ನು 2 ನಿಮಿಷ 24.23 ಸೆಕೆಂಡಿನಲ್ಲಿ ಇಳಿದರು. 2013ರಲ್ಲಿ ಫ್ರಾನ್ಸ್‌ನ ಯೋಹಾನ್ ಕ್ಲಾರೆ ಇಲ್ಲಿ ಗಂಟೆಗೆ 161.9 ಕಿಲೋಮೀಟರ್ ವೇಗ ಮುಟ್ಟಿದರು.

ನೀವು ಅರ್ಧ ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಮೊದಲ ರೈಲಿಗೆ ಕ್ಲೈನೆ ಶೈಡೆಗ್ ತಲುಪಿ, ಅಲ್ಲಿಂದ ಲೌಬರ್‌ಹಾರ್ನ್ ಲಿಫ್ಟ್ ಹತ್ತಿ. ಹುಂಡ್‌ಶೋಪ್ಫ್ ಅನ್ನುವ ಬಂಡೆಯ ಹತ್ತಿರ ಪಂದ್ಯದವರು ಗಾಳಿಯಲ್ಲಿ ಹಾರುತ್ತಾರೆ. ನೀವು ಅಲ್ಲಿ ಪಕ್ಕದ ಸುಲಭದ ದಾರಿ ಹಿಡಿಯಿರಿ, ಒಮ್ಮೆ ನಿಂತು ಕೆಳಗೆ ನೋಡಿ. ಮುಂದೆ ರೈಲು ಹಳಿಯ ಸೇತುವೆ ಕೆಳಗೆ ತೂರಿ ಹೋಗುತ್ತೀರಿ. ಆಮೇಲೆ ಕಾಡು ತೆರೆದುಕೊಂಡು ವೆಂಗೆನ್‌ನ ಮನೆಗಳ ಚಾವಣಿ ಕಾಣಲು ಶುರುವಾಗುತ್ತದೆ.